ಇಪ್ಪತ್ತಕ್ಕೆ ಎಷ್ಟು

ಅಲ್ಲಾಡಿತು — ಇಲ್ಲ, ಅಲ್ಲಾಡಿದ್ದು ನೀರು, ಆ ದರಿದ್ರ ಬ್ಲೋವರ್ ಗುಡುಗುತ್ತಿರುವಷ್ಟು ಹೊತ್ತು ಈ ಲ್ಯಾಬಿನ ಮೇಜಿನ ಮೇಲಿನ ಯಾವ ವಸ್ತುವೂ ಸುಮ್ಮನೆ ನಿಲ್ಲುವುದಿಲ್ಲ, ಗೋಡೆಯಾಚೆಯ ತೊಟ್ಟಿಯಲ್ಲಿ ಊರಿನ ಕೊಳಚೆಗೆಲ್ಲ ಗಾಳಿ ಊದುವ ಯಂತ್ರ ಅದು, ಅದರ ನಡುಕ ನೆಲದಿಂದ ಮೇಜಿನ ಕಾಲಿಗೆ, ಕಾಲಿನಿಂದ ಕಪ್ಪಿಗೆ, ಕಪ್ಪಿನಿಂದ ನೀರಿಗೆ, ನೀರಿನಿಂದ ಸೊಳ್ಳೆಮರಿಗೆ, ಸತ್ತ ಹುಳುವೂ ಇಲ್ಲಿ ಅಲ್ಲಾಡುತ್ತದೆ, ಸತ್ತಿರಬಹುದು, ಸತ್ತೇ ಇರಬೇಕು, ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಹಾಕಿದ್ದು, ಇವತ್ತು ಹತ್ತೂವರೆ ದಾಟಿ ಐದು ನಿಮಿಷ, ಆ ಐದು ನಿಮಿಷ ಅವಳು ಕಪ್ಪುಗಳಿಗೆ ಬೆನ್ನು ಮಾಡಿ ನಿಂತು, ಆಗಲೇ ತೊಳೆದಿಟ್ಟಿದ್ದ ಗಾಜಿನ ಸಾಮಾನನ್ನು ಮತ್ತೊಮ್ಮೆ ತೊಳೆದಿದ್ದಳು. ನಾಲ್ಕು ಬಿಳಿ ಕಪ್ಪು, ಒಂದೊಂದರಲ್ಲಿ ಇಪ್ಪತ್ತು ಸೊಳ್ಳೆಮರಿ, ಮೂರಕ್ಕೆ ಸೊಳ್ಳೆಮರಿ ಕೊಲ್ಲುವ ಆ ಬ್ಯಾಕ್ಟೀರಿಯಾ ಕದಡಿದ ನೀರು, ನಾಲ್ಕನೆಯದಕ್ಕೆ ಬರೀ ನೀರು, ಬರೀ ನೀರಿನವು ಬದುಕಿರಬೇಕು, ಮಿಕ್ಕ ಅರವತ್ತೂ ಸತ್ತಿರಬೇಕು, ಇಷ್ಟೇ ಪರೀಕ್ಷೆ, ಮೂರನೇ ಕ್ಲಾಸಿನ ಮಗುವಿಗೂ ಅರ್ಥವಾಗುವಂಥದ್ದು. ಮೊದಲ ಕಪ್ಪಿನ ಅಂಚಿನಲ್ಲಿ ಒಂದು ಮರಿ ಬಾಲದ ತುದಿಯನ್ನು ನೀರಿನ ಮೇಲ್ಮೈಗೆ ಅಂಟಿಸಿಕೊಂಡು ತಲೆಕೆಳಗಾಗಿ ತೂಗುತ್ತಿದೆ, ಸೊಳ್ಳೆಮರಿ ಉಸಿರಾಡುವುದೇ ಹಾಗೆ, ಬಾಲದಿಂದ — ತೂಗುತ್ತಲೇ ಸತ್ತುಹೋಗಿರಬಾರದೇ, ನಿದ್ದೆಯಲ್ಲೇ ಹೋದರು ಅನ್ನುವುದಿಲ್ಲವೇ ಜನ — ಮೂರು ಗಂಟೆಗೆ ವಿಶ್ವವಿದ್ಯಾಲಯದ ಸಂಶೋಧಕಿ ಬರುತ್ತಾಳೆ, ಆ ಬ್ಯಾಕ್ಟೀರಿಯಾದ ಟ್ಯೂಬನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ಹೋಗುತ್ತಾಳೆ, ಅವರಲ್ಲಿ ಎಂದೂ ಕೆಡದಷ್ಟು ಚಳಿಯ ಪೆಟ್ಟಿಗೆ ಇದೆಯಂತೆ, ಟ್ಯೂಬಿನ ಚೀಟಿಯ ಮೇಲೆ ಸಿಕ್ಕಿದ ಜಾಗ, ವರ್ಷ, ಕಂಡುಹಿಡಿದವರ ಹೆಸರು, ಹೆಸರು ಖಂಡಿತ ಹಾಕ್ತೀರಾ ಅಂತ ಇವಳು ಫೋನಿನಲ್ಲಿ ಎರಡು ಸಲ ಕೇಳಿದ್ದಳು, ಹಾಕ್ತೀವಿ ಮೇಡಂ, ಅದು ನಿಯಮಾನೇ, ನಿಮ್ಮ ಹೆಸರು ಹೇಗೆ ಬರೀಬೇಕು ಹೇಳಿ, ನನ್ನದಲ್ಲಮ್ಮಾ, ನಮ್ಮ ಕೆಮಿಸ್ಟ್ ಸಾರ್‌ದು, ಅವರು ಈಗಿಲ್ಲ. ಹಾಗೆ ಹೇಳಿ, ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆಸಿದ್ದಳು.

ಬ್ಲೋವರ್ ನಿಲ್ಲಿಸಿಬಿಟ್ಟರೆ ಗೊತ್ತಾಗಿಬಿಡುತ್ತದೆ, ಗೊತ್ತಾಗುವುದು ಬೇಡ ಎಂದೇ ಅವಳು ಇನ್ನೂ ಎರಡು ನಿಮಿಷ ತಳ್ಳಿದಳು, ಈ ತಿಂಗಳ ಕೊನೆಗೆ ಹೇಗೂ ಎಲ್ಲ ನಿಲ್ಲುವುದೇ, ಗೇಟಿನ ಹತ್ತಿರ ಒಂದು ಪೆಟ್ಟಿಗೆ ಕೂರಿಸುತ್ತಾರಂತೆ, ನೀರಿನ ಗುಣವನ್ನು ತಾನೇ ಅಳೆದು ತಾನೇ ಮೇಲಿನವರಿಗೆ ಕಳಿಸುತ್ತದಂತೆ, ಲ್ಯಾಬು ಬೇಡ, ಲ್ಯಾಬಿನವಳು ಕಾಗದಪತ್ರದ ವಿಭಾಗಕ್ಕೆ, ಅಲ್ಲಿ ಫ್ಯಾನ್ ಇದೆ ಮೇಡಂ, ವಾಸನೆ ಇರಲ್ಲ, ನಿಮಗೂ ಆರಾಮ, ಎಂದು ಇಂಜಿನಿಯರ್ ಉಪಕಾರ ಮಾಡಿದವರ ಮುಖ ಹೊತ್ತು ಹೇಳಿದ್ದರು, ಮತ್ತೆ ಇದು, ಫ್ರಿಜ್ಜಿನಲ್ಲಿರೋದು, ಎಂದು ಇವಳು ಕೇಳಿದ್ದಕ್ಕೆ ಏನದು ಎಂದರು, ಏನೆಂದು ಹೇಳುವುದು, ಅದಕ್ಕೆ ಹೆಸರೂ ಇಲ್ಲ, ನಾಲ್ಕನೇ ತೊಟ್ಟಿಯದು ಎಂದಷ್ಟೇ. ಅವಳು ಕಿಟಕಿ ತೆರೆದಳು. ಕೆಳಗೆ ಪಂಪಿನ ಮನೆಯ ಬಾಗಿಲಲ್ಲಿ ಗಂಟಲು ನಿಂತಿದ್ದ, ಪಂಪ್ ಆಪರೇಟರ್, ಇಪ್ಪತ್ತು ವರ್ಷ ಬ್ಲೋವರಿನ ಜೊತೆ ಪೈಪೋಟಿಗೆ ಬಿದ್ದು ಮಾತಾಡಿ ಮಾತಾಡಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿ ಆ ಹೆಸರು ಬಿದ್ದಿದೆ, ಮನೆಯಲ್ಲಿ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಾರೆ ಎಂದು ಅವನೇ ಹೇಳಿಕೊಂಡು ನಗುತ್ತಾನೆ. ಏನಪ್ಪಾ, ಬ್ಲೋವರ್ ಹತ್ತು ನಿಮಿಷ ನಿಲ್ಲಿಸ್ತೀಯಾ. ಏನೂ? ಬ್ಲೋವರ್! ಓ, ಎಣಿಸ್ತೀರಾ ಅಕ್ಕಾ, ಎಷ್ಟು ವರ್ಷ ಆಯ್ತು ಎಣಿಸಿ, ಹತ್ತೇ ನಿಮಿಷ ನೋಡಿ, ಹನ್ನೊಂದಾಯ್ತೋ ತೊಟ್ಟಿ ನಾರೋಕೆ ಶುರು, ಆಮೇಲೆ ನನ್ನ ಮೇಲೆ ಬರ್ತಾರೆ. ಎಷ್ಟು ವರ್ಷ ಆಯಿತು — ಎಂಟು, ಅವಳು ಲೆಕ್ಕ ಹಾಕಬೇಕಾಗಿರಲಿಲ್ಲ.

ಆಗ ವಾರಕ್ಕೊಂದು ಸಲ ನಿಲ್ಲಿಸುತ್ತಿದ್ದರು, ಅದಕ್ಕೂ ಮುಂಚೆ, ಶುರುವಿನಲ್ಲಿ, ನಾಲ್ಕು ತೊಟ್ಟಿಗಳಲ್ಲಿ ಮೂರರ ಅಂಚಿನಲ್ಲಿ ಸೊಳ್ಳೆಮರಿ ಗಿಜಿಗಿಜಿ, ನಾಲ್ಕನೆಯದರಲ್ಲಿ ಮಾತ್ರ ಒಂದೂ ಇಲ್ಲ, ಎಲ್ಲರಿಗೂ ಅದು ಗೊತ್ತಿತ್ತು, ಮಧ್ಯಾಹ್ನದ ಡಬ್ಬಿ ಬಿಚ್ಚುವುದು ನಾಲ್ಕನೇ ತೊಟ್ಟಿಯ ಕಡೆಗೇ, ಅಲ್ಲಿ ಸೊಳ್ಳೆ ಕಮ್ಮಿ ಎಂದು, ಆದರೆ ಯಾಕೆ ಎಂದು ಕೇಳಿದವರು ಅವರೊಬ್ಬರೇ, ಕೆಮಿಸ್ಟ್, ಉದ್ದನೆಯ ಕೈ, ಅಂಗಿಯ ತೋಳನ್ನು ಮೊಣಕೈವರೆಗೆ ಎರಡೇ ಮಡಿಕೆಯಲ್ಲಿ ಮಡಿಸುತ್ತಿದ್ದರು, ರೀ, ಒಂದು ಬಾಟಲಿ ಕೆಸರು ತನ್ನಿ, ತಳದ್ದು, ಮೇಲಿಂದಲ್ಲ. ಕೆಸರನ್ನು ಕೈ ಸುಡುವಷ್ಟು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ಅದಕ್ಕೂ ಜಗ್ಗದೆ ಉಳಿದದ್ದನ್ನು ಆಹಾರ ಹರಡಿದ ಗಾಜಿನ ಪ್ಲೇಟಿನ ಮೇಲೆ ಬೆಳೆಸಿ, ಅಲ್ಲಿ ಮೂಡಿದ ಒಂದೊಂದೇ ಚುಕ್ಕೆಯನ್ನು ತಂತಿಯಲ್ಲಿ ಎತ್ತಿ, ಒಂದೊಂದನ್ನೂ ಇಪ್ಪತ್ತು ಮರಿಗಳಿಗೆ ಹಾಕಿ, ಮೂವತ್ತೊಂದನೆಯ ಚುಕ್ಕೆಗೆ ಇಪ್ಪತ್ತಕ್ಕೆ ಇಪ್ಪತ್ತೂ ತಣ್ಣಗಾದವು, ಅವತ್ತು ಅವರು ಮೈಕ್ರೋಸ್ಕೋಪಿನಿಂದ ಎದ್ದು ಜಾಗ ಬಿಟ್ಟುಕೊಟ್ಟು, ನೋಡಿ ರೀ, ಬ್ಯಾಕ್ಟೀರಿಯಾದ ಬೀಜ, ಹೊಳೀತಿರೋದು, ಕಾಣತ್ತಾ, ಅದರ ಪಕ್ಕದಲ್ಲಿ, ಸಕ್ಕರೆ ಹರಳಿನ ಥರ, ಅದೇ ವಿಷ, ನಮಗೇನೂ ಆಗಲ್ಲ, ಸೊಳ್ಳೆಮರಿ ಹೊಟ್ಟೆಗೆ ಹೋದ್ರೆ ಮಾತ್ರ ಕರಗೋದು. ಅವಳು ನೋಡಿದಳು, ಕಂಡಿತು, ಪಕ್ಕದಲ್ಲಿ ಅವರ ತೋಳಿನಿಂದ ಸಾಬೂನಿನ ವಾಸನೆ, ಇಷ್ಟು ಕೊಳೆಯ ನಡುವೆ ನಿಂತ ಮನುಷ್ಯನಿಂದ ಬರೀ ಸಾಬೂನಿನ ವಾಸನೆ.

ಎಣಿಸಲು ಇಬ್ಬರು ಬೇಕು, ಅದು ಅವರ ನಿಯಮ, ಒಬ್ಬರು ಕಪ್ಪಿನ ಮೇಲೆ ಬಗ್ಗಿ ಸೂಜಿಯ ಮೊನೆಯಿಂದ ಒಂದೊಂದನ್ನೇ ಮುಟ್ಟಬೇಕು, ಮುಟ್ಟಿದರೂ ಅಲ್ಲಾಡದ್ದು ಸತ್ತದ್ದು, ಇನ್ನೊಬ್ಬರು ಪೆನ್ಸಿಲ್ ಹಿಡಿದಿರಬೇಕು, ಬರೆಯಲು ಕಣ್ಣೆತ್ತಿದರೆ ಹೋಯಿತು, ಎಣಿಸಿದ್ದು ಯಾವುದು ಬಿಟ್ಟದ್ದು ಯಾವುದು ಎಲ್ಲ ಕಲಸುಮೇಲೋಗರ. ಬ್ಲೋವರ್ ನಿಲ್ಲುತ್ತಿತ್ತು, ಇಡೀ ಘಟಕ ಒಮ್ಮೆಲೇ ಕಿವಿ ಮುಚ್ಚಿಕೊಂಡ ಹಾಗೆ ಆಗುತ್ತಿತ್ತು, ಆ ಮೌನದಲ್ಲಿ ಅವರ ದನಿ, ಒಂದನೇ ಕಪ್ಪು, ಇಪ್ಪತ್ತಕ್ಕೆ ಹತ್ತೊಂಬತ್ತು, ಇವಳು ಬರೆದು ಆಯ್ತು ಅನ್ನಬೇಕು, ಆಯ್ತು ಅನ್ನುವವರೆಗೆ ಅವರು ಎರಡನೇ ಕಪ್ಪಿಗೆ ಹೋಗುವುದಿಲ್ಲ, ಎರಡನೆಯದಕ್ಕೆ ಅದಲು ಬದಲು, ಈಗ ಅವಳು ಬಗ್ಗಬೇಕು, ಅವರ ಕೈಗೆ ಪೆನ್ಸಿಲು, ಇಪ್ಪತ್ತಕ್ಕೆ ಎಷ್ಟು ರೀ, ಇಪ್ಪತ್ತಕ್ಕೆ ಇಪ್ಪತ್ತು, ಆಯ್ತು. ಐದು ವರ್ಷ, ವಾರಕ್ಕೆ ಹತ್ತು ನಿಮಿಷ. ನೀವಿಬ್ಬರೂ ರೀ ರೀ ಅಂತ ಕರೆದಾಡೋದು ಕೇಳಿದ್ರೆ ಯಾರದ್ದೋ ಮನೆಗೆ ಬಂದ ಹಾಗಾಗತ್ತೆ ಎಂದು ಗಂಟಲು ಒಮ್ಮೆ ತಮಾಷೆ ಮಾಡಿದ್ದ, ಅವರು ನಕ್ಕರು, ಅವಳು ಮುಖ ಎತ್ತಲಿಲ್ಲ, ಅವರಿಗೆ ಹೆಂಡತಿ ಇದ್ದಳು, ಎರಡು ಮಕ್ಕಳಿದ್ದರು, ಸಂಜೆ ಐದೂವರೆ ಅಂದರೆ ಐದೂವರೆಗೆ ಮನೆಗೆ ಹೋಗುವ ಮನುಷ್ಯ, ಒಂದು ದಿನವೂ ಒಂದು ಮಾತೂ ಆಚೀಚೆ ಆಗಿಲ್ಲ, ಆದರೆ ಆ ಹತ್ತು ನಿಮಿಷ ತನ್ನದೇ ಎಂದು ಅವಳು ಇಟ್ಟುಕೊಂಡಿದ್ದಳು, ಅವರ ಮೇಲೆ ಪ್ರೀತಿ ಇತ್ತು, ಇತ್ತು ಅಂದರೆ ಇತ್ತು, ಯಾರ ಗಂಟೇನು ಹೋಗುತ್ತಿತ್ತು ಅದರಿಂದ.

ಬ್ಲೋವರ್ ನಿಂತಿತು. ನೀರಿನ ನಡುಕ ಮೆಲ್ಲಗೆ ಸತ್ತು ಮೇಲ್ಮೈ ಗಟ್ಟಿಯಾಯಿತು, ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿದೆ, ಗೋಡೆಯ ಗಡಿಯಾರಕ್ಕೆ ಸದ್ದಿದೆ ಎಂಬುದೇ ಅವಳಿಗೆ ನೆನಪಿರಲಿಲ್ಲ, ಅವಳು ಸೂಜಿ ಹಿಡಿದು ಬಗ್ಗಿದಳು, ಅಂಚಿನ ಆ ಒಂದು ಮರಿ ಈಗಲೂ ತಲೆಕೆಳಗಾಗಿ ತೂಗುತ್ತಿತ್ತು, ಅಲ್ಲಾಡದೆ, ನೋಡಿದೆಯಾ ಸತ್ತಿದೆ, ನೋಡಿದೆಯಾ — ಮುಟ್ಟಿದಳು — ಚಾಟಿಯ ಹಾಗೆ ಎರಡು ಸಲ ಮಡಿಸಿಕೊಂಡು ತಳಕ್ಕೆ ಹಾರಿತು. ಇನ್ನೊಂದು, ಹಾರಿತು, ಇನ್ನೊಂದು, ಅದು ಸೂಜಿ ಮುಟ್ಟುವ ಮೊದಲೇ ಓಡಿತು, ಎರಡನೇ ಕಪ್ಪು, ಅಲ್ಲೂ ಗಿರಿಗಿರಿ, ಮೂರನೆಯದು, ಬರೀ ನೀರಿನ ಕಪ್ಪಿಗೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸವಿಲ್ಲ, ಬದಲಿಗೆ ಈ ಮೂರರಲ್ಲಿ ಮರಿಗಳು ಇನ್ನೂ ಗುಂಡುಗುಂಡಾಗಿವೆ, ತಿಂದಿವೆ ಅವು, ಅದನ್ನು ತಿಂದು ಮೈ ಬಿಟ್ಟುಕೊಂಡಿವೆ, ಅರವತ್ತಕ್ಕೆ ಒಂದೂ ಸತ್ತಿಲ್ಲ. ಸೂಜಿಯನ್ನು ಕಪ್ಪಿನಲ್ಲೇ ಬಿಟ್ಟಳು. ಮೈಕ್ರೋಸ್ಕೋಪಿಗೆ ಹೋದಳು, ಗಾಜಿನ ಮೇಲೆ ಒಂದು ತೊಟ್ಟು, ಗುಂಡಿ ತಿರುಗಿಸಿದಳು, ಮಸುಕು, ಇನ್ನೂ ಸ್ವಲ್ಪ, ಬೀಜ ಇದೆ, ಹೊಳೆಯುತ್ತಿದೆ, ಪಕ್ಕದಲ್ಲಿ ಏನೂ ಇಲ್ಲ, ಇನ್ನೊಂದು, ಬೀಜ ಇದೆ, ಪಕ್ಕದಲ್ಲಿ ಖಾಲಿ, ಗಾಜನ್ನು ಸರಿಸಿ ಸರಿಸಿ ನೂರು ನೋಡಿದಳು, ನೂರರ ಪಕ್ಕದಲ್ಲೂ ಖಾಲಿ. ಮೊದಲೂ ನೋಡಿದ್ದಳಲ್ಲ, ಹೋದ ವರ್ಷ ನೋಡಿದ್ದಳು, ಅದರ ಹಿಂದಿನ ವರ್ಷವೂ, ಬೀಜ ಕಂಡಕೂಡಲೇ ಹರಳೂ ಇದೆ ಎಂದು ಎದ್ದುಬಿಟ್ಟಿದ್ದಳು, ಇದೆ ಅಂದುಕೊಂಡವರಿಗೆ ಇದ್ದ ಹಾಗೆಯೇ ಕಾಣುತ್ತದೆ. ಅಕ್ಕಾ, ಹತ್ತಾಯ್ತೂ, ಎಂದು ಕೆಳಗಿನಿಂದ ಗಂಟಲು, ಹಾಕಪ್ಪಾ ಹಾಕು, ಬ್ಲೋವರ್ ಗುಡುಗಿ ಮೇಜು ಮತ್ತೆ ನಡುಗತೊಡಗಿತು.

ಹೇಳಿದ್ದರು, ಬಾಯಿ ಬಿಟ್ಟು ಹೇಳಿದ್ದರು ಕೆಮಿಸ್ಟ್, ಕೆಲಸದ ಕೊನೆಯ ದಿನ, ಹಾರ ಹಾಕಿಸಿಕೊಂಡು ಅದನ್ನು ಏನು ಮಾಡಬೇಕೋ ತಿಳಿಯದೆ ಇದೇ ಮೇಜಿನ ಮೇಲಿಟ್ಟು, ರೀ, ಹದಿನೈದು ದಿನಕ್ಕೊಮ್ಮೆ ಹೊಸ ಪ್ಲೇಟಿಗೆ ದಾಟಿಸಿದ್ರೆ ಬದುಕಿರತ್ತೆ, ಅಷ್ಟಕ್ಕೇ ಬಿಡಬೇಡಿ, ವರ್ಷಕ್ಕೊಂದು ಸಲ ಹುಳಕ್ಕೆ ಹಾಕಿ, ಸತ್ತ ಹುಳದ ಒಳಗಿಂದಲೇ ಮತ್ತೆ ತೆಗೀರಿ, ಇಲ್ದಿದ್ರೆ ಮನೆ ಅಳಿಯನ ಥರ ಕೂತು ತಿಂದು ತಿಂದು ಕೆಲಸ ಮರೆತುಬಿಡತ್ತೆ, ಇನ್ನೊಂದು, ನೋಡೋಕೆ ಚೆನ್ನಾಗಿರೋ ಚುಕ್ಕೇನೇ ಆರಿಸಬೇಡಿ. ಅವಳು ನಕ್ಕಿದ್ದಳು, ಮನೆ ಅಳಿಯ ಎಂಬುದಕ್ಕೆ. ಮೊದಲ ವರ್ಷ ಮಾಡಿದಳು, ಬರೆಯಲು ಗಂಟಲನ್ನು ಕರೆದಳು, ಇವಳು ಬಗ್ಗಿ ಇನ್ನೇನು ಎಣಿಸಬೇಕು, ಎಷ್ಟೂ ಎಂದು ಅವನು ಕಿರುಚಿದ ರಭಸಕ್ಕೆ ಬದುಕಿದ್ದವೆಲ್ಲ ತಳ ಸೇರಿದವು, ನಗು ಬಂತು, ನಗುತ್ತಾ ಕಣ್ಣಲ್ಲಿ ನೀರು, ಏನಾಯ್ತಕ್ಕಾ, ಏನಿಲ್ಲಪ್ಪಾ ಫಿನಾಯಿಲ್ ವಾಸನೆ. ಎರಡನೇ ವರ್ಷ ಒಬ್ಬಳೇ ಕೂತಳು, ಕಪ್ಪಿನ ಮೇಲೆ ಬಗ್ಗಿ, ಇಪ್ಪತ್ತಕ್ಕೆ ಎಂದು ಬಾಯಿ ತೆರೆದಳು, ಆ ಕಡೆ ಪೆನ್ಸಿಲ್ ಹಿಡಿದ ಕೈ ಇಲ್ಲ, ಆಯ್ತು ಅನ್ನುವವರಿಲ್ಲ, ಮುಂದಿನ ವಾರ ಮಾಡಿದರಾಯಿತು ಎಂದು ಮರಿಗಳನ್ನು ಚೆಲ್ಲಿದಳು, ಮುಂದಿನ ವಾರ ಬರಲಿಲ್ಲ, ಎಂಟು ವರ್ಷ ಬರಲಿಲ್ಲ. ಪ್ಲೇಟು ಮಾತ್ರ ತಪ್ಪಿಸಲಿಲ್ಲ, ಜ್ವರ ಬಂದರೂ, ತಮ್ಮನ ಮಗಳ ಮದುವೆಯಿದ್ದರೂ ಬೆಳಗಿನ ಜಾವ ಬಂದು ದಾಟಿಸಿ ಹೋದಳು, ಮುಚ್ಚಳ ತೆಗೆದಾಗ ಹಾಲುಬಿಳುಪಿನ ಚುಕ್ಕೆಗಳು, ಅವುಗಳಲ್ಲಿ ದುಂಡಗಿನದು, ನುಣುಪಾದದ್ದು, ಹೊಳೆಯುವುದು, ಅಂಥದನ್ನೇ ಆರಿಸುವುದು, ಅಂಚು ಹರಿದಂತಿರುವ ಒರಟು ಚುಕ್ಕೆಗಳನ್ನು ಕಂಡರೆ ಏನೋ ಕೆಟ್ಟಿದೆ ಎಂದು ಪಕ್ಕಕ್ಕೆ ಬಿಡುವುದು, ಅವೇ ಇದ್ದಿರಬೇಕು, ವಿಷ ಹೊತ್ತು ಹೊತ್ತು ಸೊರಗಿದವು, ಕೆಲಸ ಮಾಡುವವು, ಅವನ್ನೇ ಪ್ರತಿ ಸಲ ಕುಕ್ಕರಿಗೆ ಹಾಕಿ ಕುದಿಸಿ ಚೆಲ್ಲಿದಳು, ತಿಂದುಂಡು ಬೆಳೆದ ಸೋಮಾರಿಗಳನ್ನು ಸಾಕಿದಳು. ಏನಕ್ಕಾ, ಮಗ ಹೇಗಿದಾನೆ ಎಂದು ಕಸದ ಗಾಡಿಯವರು ಚುಡಾಯಿಸುತ್ತಿದ್ದರು, ಚೆನ್ನಾಗಿ ಊಟ ಮಾಡ್ತಾನಪ್ಪಾ ಎಂದು ಇವಳೂ. ಕೆಮಿಸ್ಟ್ ಒಣ ಕಾಗದದ ಚೂರುಗಳಲ್ಲೂ ಒಂದಿಷ್ಟು ಬೀಜ ಹಿಡಿಸಿ ಲಕೋಟೆಯಲ್ಲಿಟ್ಟಿದ್ದರು, ಇಪ್ಪತ್ತು ವರ್ಷವಾದರೂ ಕೆಡುವುದಿಲ್ಲ ಎಂದು, ಬೀರು ಖಾಲಿ ಮಾಡುವಾಗ ಆ ಲಕೋಟೆಯನ್ನು ಅವಳೇ ಕಸಕ್ಕೆ ಹಾಕಿದಳು, ಜೀವಂತವೇ ಇದೆಯಲ್ಲ, ಒಣ ಕಾಗದ ಯಾರಿಗೆ ಬೇಕು. ನಾಲ್ಕನೇ ತೊಟ್ಟಿಗೆ ಹೋಗಿ ತರೋಣವೆಂದರೆ ಅದನ್ನು ಒಡೆದು, ಕೆಸರೆಲ್ಲ ಬಳಿದು, ಹೊಸ ಕಾಂಕ್ರೀಟು ಹಾಕಿ ಐದು ವರ್ಷವಾಯಿತು, ಈಗ ಅಲ್ಲೂ ಸೊಳ್ಳೆಮರಿ ಗಿಜಿಗಿಜಿ.

ಅಕ್ಕಾ, ನಮ್ಮ ಹಳೇ ಕೆಮಿಸ್ಟ್ ಸಾರ್ ಹೋಗ್ಬಿಟ್ರಂತೆ, ನಾಲ್ಕು ದಿನ ಆಯ್ತಂತೆ — ತೊಟ್ಟಿಯ ಈ ದಡದಿಂದ ಆ ದಡಕ್ಕೆ, ಬ್ಲೋವರಿನ ಮೇಲೆ, ಗಂಟಲು ಒಂದು ದಿನ ಕೂಗಿದ್ದು, ಕೈಯಲ್ಲಿ ಉದ್ದನೆಯ ಹಿಡಿಕೆಯ ಬಕೆಟ್ಟು ಹಿಡಿದು ಅವಳು ಕೂಗಿದ್ದು ಹೌದಾ ಎಂದು, ಅಂಥ ಮಾತಿಗೆ ಕೂಗಿ ಹೌದಾ ಅನ್ನಬೇಕಾಗಿ ಬಂತು, ಆಮೇಲೆ ಬಕೆಟ್ಟು ಇಳಿಸಿ ಮಾದರಿ ನೀರು ತೆಗೆದು ಬಾಟಲಿಗೆ ಚೀಟಿ ಅಂಟಿಸಿದಳು, ತಾರೀಖು ತಪ್ಪಿಲ್ಲದೆ ಬರೆದಳು. ಹೋಗಿ ಬರಬೇಕಿತ್ತು, ಮನೆಯ ವಿಳಾಸ ಗೊತ್ತಿತ್ತು, ಯಾರು ಎಂದು ಹೇಳಿಕೊಂಡು ಹೋಗುವುದು, ಅವರ ಹೆಂಡತಿ ಬಾಗಿಲು ತೆರೆದು ಯಾರು ನೀವು ಅಂದರೆ, ನಾನು ಬರೆದುಕೊಳ್ಳುತ್ತಿದ್ದವಳು ಎನ್ನುವುದೇ. ಹೋಗಲಿಲ್ಲ. ಅವತ್ತು ಸಂಜೆ ತಾನಿರುವ ತಮ್ಮನ ಮನೆಗೆ ಎಂದಿನಂತೆ ಹಿತ್ತಲ ಬಾಗಿಲಿನಿಂದ ಬಂದು ಎಂದಿನಂತೆ ಬಟ್ಟೆಯನ್ನು ನೀಲಿ ಬಕೆಟ್ಟಿಗೆ ಹಾಕಿದಳು, ತಮ್ಮನ ಹೆಂಡತಿ ಕೆಟ್ಟವಳಲ್ಲ, ಅಕ್ಕ, ತಪ್ಪು ತಿಳ್ಕೋಬೇಡಿ, ನಿಮ್ಮ ಬಟ್ಟೆ ಬೇರೆ ನೆನೆಸೋಣ, ಮಕ್ಕಳಿರೋ ಮನೆ ಅಲ್ವಾ ಎಂದು ಎಷ್ಟು ನಯವಾಗಿ ಹೇಳಿದ್ದಳು, ಅಂದಿನಿಂದ ಬಕೆಟ್ಟು ಬೇರೆ, ಆಮೇಲೆ ಹಗ್ಗ ಬೇರೆ, ಆಮೇಲೆ ತಟ್ಟೆಯೂ ಯಾವಾಗಲೋ ಬೇರೆಯಾಯಿತು, ಯಾರೂ ಹೇಳಲಿಲ್ಲ, ಅದು ತನ್ನಷ್ಟಕ್ಕೆ ಆಯಿತು. ಮಹಡಿಯ ಕೋಣೆ, ಕಿಟಕಿಗೆ ಜಾಲರಿ, ಕೆಳಗೆ ಅವರೆಲ್ಲ ಟೀವಿ ನೋಡಿ ನಗುವುದು ಕೇಳುತ್ತದೆ, ಇವಳಿಗೆ ಏನು ನೋಡಿ ನಕ್ಕರು ಎಂದು ತಿಳಿಯುವುದಿಲ್ಲ, ಇಳಿದು ಹೋಗಿ ಕೇಳಬಹುದು, ಕೇಳಿದರೆ ಹೇಳುತ್ತಾರೆ, ಬನ್ನಿ ಅತ್ತೆ ಕೂತ್ಕೊಳ್ಳಿ ಅನ್ನುತ್ತಾರೆ, ಆಮೇಲೆ ಒಬ್ಬೊಬ್ಬರೇ ಸ್ವಲ್ಪ ಸರಿದು ಕೂರುತ್ತಾರೆ. ಅದನ್ನು ನೋಡುವುದಕ್ಕಿಂತ ಮಹಡಿಯೇ ಲೇಸು ಎಂದು ಅವಳು ಇಳಿಯುವುದಿಲ್ಲ.

ಮೂರು ಗಂಟೆಗೆ ಬರುತ್ತಾಳೆ, ಈಗ ಹನ್ನೊಂದೂಕಾಲು, ಅವರ ಹೆಸರಿನ ಚೀಟಿ, ಎಂದೂ ಕೆಡದ ಚಳಿಯಲ್ಲಿ, ಇವಳು ಸತ್ತಮೇಲೂ, ಈ ಘಟಕ ಬಿದ್ದುಹೋದಮೇಲೂ, ಯಾರೋ ಒಬ್ಬರು ಬಾಗಿಲು ತೆರೆದು ಆ ಹೆಸರು ಓದುತ್ತಾರೆ, ಬರೀ ಅಷ್ಟು ಬೇಕಿತ್ತು ಅವಳಿಗೆ, ಅವಳದೇನೂ ಬೇಡ — ಮೂಲೆಯಲ್ಲಿ ಚರಂಡಿಗೆ ಹಾಕುವ ಸೊಳ್ಳೆ ಎಣ್ಣೆಯ ಡಬ್ಬಿ ಇತ್ತು. ಇತ್ತು, ಯಾವಾಗಲೂ ಇರುತ್ತದೆ, ಅವಳೇನು ಹುಡುಕಿಕೊಂಡು ಹೋಗಲಿಲ್ಲ. ಕಪ್ಪಿಗೆ ಒಂದು ತೊಟ್ಟು ಬಿದ್ದರೆ ನೀರಿನ ಮೇಲೆ ಕಾಣದಷ್ಟು ತೆಳ್ಳಗೆ ಹರಡುತ್ತದೆ, ಬಾಲ ಮೇಲಕ್ಕೆ ತಂದರೆ ಉಸಿರಿನ ಬದಲು ಎಣ್ಣೆ, ಅರ್ಧ ಗಂಟೆಯಲ್ಲಿ ಅರವತ್ತಕ್ಕೆ ಅರವತ್ತು, ಟ್ಯೂಬು ಆ ಕಡೆ ಹೋಗಲಿ, ಚೀಟಿ ಅಂಟಲಿ, ಚಳಿಯಲ್ಲಿಟ್ಟ ಮೇಲೆ ಯಾರು ಬೇಗ ತೆಗೆದು ನೋಡುತ್ತಾರೆ, ನೋಡಿದರೂ ದಾರಿಯಲ್ಲಿ ಕೆಟ್ಟಿತು ಎಂದುಕೊಳ್ಳುತ್ತಾರೆ, ಇವಳನ್ನು ಯಾರು ಶಂಕಿಸುತ್ತಾರೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇಪ್ಪತ್ತಾರು ವರ್ಷ ಕೆಲಸ ಮಾಡಿದವಳನ್ನು. ಹನಿ ಹಾಕುವ ಗಾಜಿನ ಕೊಳವೆ ತುಂಬಿತು, ವಿಚಿತ್ರ, ಕೆಟ್ಟ ಕೆಲಸಕ್ಕೆ ಎಂಥ ಗಟ್ಟಿ ಕೈ, ಮೊದಲ ಕಪ್ಪಿನ ಮೇಲೆ ಹಿಡಿದಳು, ಕೊಳವೆಯ ನೆರಳು ಬಿದ್ದು ಮರಿಗಳು ತಳಕ್ಕಿಳಿದವು, ಒಂದು ಮಾತ್ರ ಇಳಿಯಲಿಲ್ಲ, ತಲೆಕೆಳಗಾಗಿ ತೂಗುತ್ತಲೇ ಇತ್ತು, ನೀನೇ ಮೊದಲು ಎಂದುಕೊಂಡಳು, ಅಷ್ಟರಲ್ಲಿ ಮೇಜಿನ ಮೇಲೆ ಫೋನ್ ಹೊಡೆದುಕೊಂಡಿತು.

ಮೇಡಂ, ನಾನು ಬಸ್ಸಲ್ಲಿದೀನಿ, ಬೇಗ ಹೊರಟೆ, ಗೇಟು ರಸ್ತೆ ಕಡೇದಾ ಕಾಲುವೆ ಕಡೇದಾ. ಕಾಲುವೆ ಕಡೆ ಅಮ್ಮಾ, ರಸ್ತೆ ಕಡೇದು ಲಾರಿಗೆ. ಆಯ್ತು ಮೇಡಂ, ಪರೀಕ್ಷೆ ನೋಡಿದ್ರಾ, ಇಪ್ಪತ್ತಕ್ಕೆ ಎಷ್ಟು? — ಆ ಹುಡುಗಿಗೆ ಏನು ಗೊತ್ತು, ಎಲ್ಲ ಲ್ಯಾಬುಗಳಲ್ಲೂ ಹಾಗೇ ಕೇಳುತ್ತಾರೇನೋ, ಆದರೆ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು, ಆ ಪ್ರಶ್ನೆಗೆ ಅವಳು ಬದುಕಿನಲ್ಲಿ ಒಂದೇ ಒಂದು ಸಲವೂ ತಪ್ಪು ಉತ್ತರ ಕೊಟ್ಟಿರಲಿಲ್ಲ, ಬಾಯಿ ಅವಳನ್ನು ಕೇಳದೆಯೇ ಹೇಳಿಬಿಟ್ಟಿತು, ಸೊನ್ನೆ. ಅಂದ್ರೆ? ಒಂದೂ ಸತ್ತಿಲ್ಲಮ್ಮಾ, ಮೂರು ಕಪ್ಪಲ್ಲೂ, ಹರಳೂ ಇಲ್ಲ, ನೋಡಿದೆ, ನನ್ನ ತಪ್ಪು, ಎಂಟು ವರ್ಷ ಹುಳಕ್ಕೆ ಹಾಕದೆ ಬರೀ ದಾಟಿಸಿದೆ. ಬಸ್ಸಿನ ಹಾರ್ನು, ಯಾರೋ ನಿಲ್ದಾಣದ ಹೆಸರು ಕೂಗಿದ್ದು, ಆಮೇಲೆ ಸಂಶೋಧಕಿ, ಅಯ್ಯೋ ಅಷ್ಟೇನಾ, ಅದಕ್ಯಾಕೆ ಮೇಡಂ ಹಾಗೆ ಮಾತಾಡ್ತೀರಿ, ನಮ್ಮಲ್ಲೂ ಹೀಗೆ ಎಷ್ಟೋ ಹೋಗಿವೆ, ಇಂಥವು ಕೆಸರಲ್ಲಿ ಬೇಕಾದಷ್ಟು ಇರ್ತವೆ, ಯಾವ ಘಟಕದಲ್ಲಿ ಕೈ ಹಾಕಿದ್ರೂ ಒಂದಲ್ಲ ಒಂದು ಸಿಗತ್ತೆ, ಕಳೆದ ತಿಂಗಳು ನಾನೇ ಒಂಬತ್ತು ತೆಗೆದಿದೀನಿ, ತಲೆ ಕೆಡಿಸ್ಕೋಬೇಡಿ, ಒಂದು ಬಾಟಲಿ ಹೊಸ ಕೆಸರು ತುಂಬಿಸಿಡಿ, ಅದರಲ್ಲಿ ಸಿಕ್ಕಿದ್ರೆ ನಿಮ್ಮ ಹೆಸರೇ ಹಾಕ್ತೀನಿ. ಬೇಕಾದಷ್ಟು. ಒಂಬತ್ತು. ಒಳ್ಳೆಯ ಹುಡುಗಿ, ಸಮಾಧಾನಕ್ಕೆಂದೇ ಹೇಳಿದಳು, ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತುಂಬಿಸಿಡ್ತೀನಮ್ಮಾ, ಹುಷಾರಾಗಿ ಬನ್ನಿ, ಎಂದಳು, ಫೋನು ಇಟ್ಟಳು, ಎಣ್ಣೆಯನ್ನು ಡಬ್ಬಿಗೆ ವಾಪಸು ಬಿಟ್ಟು ಗಾಜಿನ ಕೊಳವೆಯನ್ನು ಸಾಬೂನು ಹಾಕಿ ಎರಡು ಸಲ ತೊಳೆದಳು.

ಊರಿನ ಕೆಸರಿನಲ್ಲೆಲ್ಲ ತುಂಬಿ ತುಳುಕುವಷ್ಟು ಇರುವುದನ್ನು ಅವಳು ಫ್ರಿಜ್ಜಿನಲ್ಲಿಟ್ಟು ಕಾದಿದ್ದಳು, ಅಳು ಬರಬೇಕಿತ್ತು, ಬರಲಿಲ್ಲ, ಕೆಲಸವಿತ್ತು, ಪರೀಕ್ಷೆ ಮುಗಿದ ಮೇಲೆ ಉಳಿದ ಮರಿಗಳಿಗೆ ಬಿಸಿನೀರು ಸುರಿಯಬೇಕು, ಬಿಟ್ಟರೆ ನಾಳೆ ನಾಡಿದ್ದಕ್ಕೆ ರೆಕ್ಕೆ ಬಂದು ಇದೇ ಕೋಣೆಯಲ್ಲಿ ಹಾರುತ್ತವೆ, ಈಗಾಗಲೇ ಎರಡು ಮರಿ ಕೊಕ್ಕೆಯ ಹಾಗೆ ಬಾಗಿ ಪ್ಯೂಪಾ ಆಗಿವೆ, ಆಗೆಲ್ಲ ಬರೀ ನೀರಿನ ಕಪ್ಪಿಗಷ್ಟೇ ಸುರಿಯುವುದು, ಮಿಕ್ಕ ಮೂರರಲ್ಲಿ ಉಳಿಯುತ್ತಿದ್ದದ್ದೇ ಅಪರೂಪ. ಕೆಟಲ್ ಕುದಿದು ತಾನಾಗಿ ಆರಿತು. ಹಿಡಿಕೆ ಹಿಡಿದು ಮೊದಲ ಕಪ್ಪಿನ ಮುಂದೆ ನಿಂತಳು, ಬಗ್ಗಿದಳು, ಹಬೆ ಮುಖಕ್ಕೆ ಬಡಿಯಿತು, ಬರೆದಿಡದೆ ಸುರಿಯುವ ಹಾಗಿಲ್ಲ, ಒಂದನೇ ಕಪ್ಪು, ಎಂದಳು, ಗಟ್ಟಿಯಾಗಿ, ಎಂಟು ವರ್ಷಗಳಲ್ಲಿ ಮೊದಲ ಸಲ, ಬ್ಲೋವರಿನ ಮೇಲೂ ಕೇಳುವ ಹಾಗೆ, ಇಪ್ಪತ್ತಕ್ಕೆ ಸೊನ್ನೆ ರೀ — ಬರೆದುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ನಿಂತಳು, ಆಯ್ತು ಅನ್ನುವವರೆಗೆ ಎರಡನೆಯದಕ್ಕೆ ಹೋಗುವ ಹಾಗಿಲ್ಲ, ಇನ್ನೂ ಸ್ವಲ್ಪ ನಿಂತಳು, ಕೆಟಲ್ ಭಾರವಾಗುತ್ತಿದೆ, ಒಂದು ಮರಿ ತಳದಿಂದ ಮೇಲೆ ಬರುತ್ತದೆ, ಬಾಲದ ತುದಿಯನ್ನು ನೀರಿಗೆ ಅಂಟಿಸುತ್ತದೆ, ತಲೆಕೆಳಗಾಗಿ ತೂಗುತ್ತದೆ, ಉಸಿರೆಳೆದುಕೊಳ್ಳುತ್ತದೆ, ಬಿಡುತ್ತದೆ, ಇಳಿಯುತ್ತದೆ, ಮೇಲೆ ಬರುತ್ತದೆ, ಬಾಲದ ತುದಿಯನ್ನು ನೀರಿಗೆ ಅಂಟಿಸುತ್ತದೆ, ತಲೆಕೆಳಗಾಗಿ ತೂಗುತ್ತದೆ —